‘ನೋಡ್ಕೊಳ್ಳೋಣ’ ಅಂದಿದ್ದು ಯಾರು? ಸಣ್ಣ ತಂಡದಲ್ಲಿ ಹೊಣೆ ಹಂಚಿಕೊಳ್ಳುವ ಬಗೆ

ಪ್ರಶ್ನೆ: ನಾನು ದಾವಣಗೆರೆಯ ಒಂದು ಸೋಲಾರ್ ಕಂಪನಿಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್. ವಯಸ್ಸು 27. ಮೊದಲು ನಾವು ನಾಲ್ಕೇ ಜನ ಇದ್ದೆವು, ಮನೆಗಳ ಮೇಲೆ 3 ಕಿಲೋವ್ಯಾಟ್‌ನ ಪ್ಯಾನೆಲ್ ಹಾಕುತ್ತಿದ್ದೆವು. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಕೆಲಸ ಜಾಸ್ತಿ ಆಯಿತು, ಈಗ 11 ಜನ ಇದ್ದೇವೆ. ಈಚೆಗೆ ಒಂದು ಅಕ್ಕಿ ಗಿರಣಿಯ ಛಾವಣಿ ಮೇಲೆ 100 ಕಿಲೋವ್ಯಾಟ್‌ನ ಕೆಲಸ ಹಿಡಿದೆವು. ಪ್ಯಾನೆಲ್ ಎಲ್ಲ ಕೂರಿಸಿದ ಮೇಲೆ ಗೊತ್ತಾಯಿತು, ನೆಟ್ ಮೀಟರ್‌ಗೆ (ಬಳಸಿದ ಕರೆಂಟನ್ನೂ, ಗ್ರಿಡ್‌ಗೆ ಕೊಟ್ಟ ಕರೆಂಟನ್ನೂ ಅಳೆಯುವ ಮೀಟರ್) ಬೆಸ್ಕಾಂನಲ್ಲಿ ಅರ್ಜಿಯನ್ನೇ ಯಾರೂ ಹಾಕಿಲ್ಲ ಅಂತ. ಐದು ವಾರ ಘಟಕ ಸುಮ್ಮನೆ ನಿಂತಿತು. ಲಾರಿಯಿಂದ ಇಳಿಸುವಾಗ ನಾಲ್ಕು ಪ್ಯಾನೆಲ್‌ಗಳ ಗಾಜು ಒಡೆದಿತ್ತು, ಮಾಲು ತಲುಪಿತು ಅನ್ನುವ ಚಲನ್‌ಗೆ ಸಹಿ ಹಾಕಿದ್ದು ಗಿರಣಿಯ ವಾಚ್‌ಮನ್. ಕೊನೆಗೆ ಗಿರಣಿ ಯಜಮಾನರು, ‘ಇಷ್ಟು ಭಾರ ನಮ್ಮ ಹಳೇ ಛಾವಣಿ ತಡೆಯುತ್ತೆ ಅಂತ ಲೆಕ್ಕ ಹಾಕಿದ್ದು ಯಾರು?’ ಅಂತ ಕೇಳಿದರು. ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಖರೀದಿ ನೋಡಿಕೊಳ್ಳುವವರು ನಮ್ಮ ಮಾಲೀಕರ ಭಾಮೈದ. ಸೈಟ್ ಸೂಪರ್‌ವೈಸರ್ ನನಗಿಂತ 25 ವರ್ಷ ದೊಡ್ಡವರು, ಅಣ್ಣ ಅಂತಲೇ ಕರೆಯುತ್ತೇನೆ. ಎಲ್ಲರ ಕೆಲಸ ಬರೆದ ಒಂದು ಚಾರ್ಟ್ ಮಾಡಿ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಿದೆ. ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಈಗ ಏನು ತಪ್ಪಿದರೂ ‘ಕೋಆರ್ಡಿನೇಟರ್ ಏನ್ ಮಾಡ್ತಿದ್ರು?’ ಅನ್ನುತ್ತಾರೆ. ಯಾರ ಕೆಲಸ ಯಾರದು ಅಂತ ಸ್ಪಷ್ಟ ಮಾಡುವುದು ಹೇಗೆ? ಅಥವಾ ನಾನು ಕೆಲಸ ಬಿಡಬೇಕಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತಪ್ಪುಗಳ ಮಾತಿದೆ. ಅರ್ಜಿ ಮತ್ತು ಗಾಜು ದುಡ್ಡಿನ ವಿಷಯ. ಛಾವಣಿ ಜೀವದ ವಿಷಯ. ಆದ್ದರಿಂದ ಛಾವಣಿಯಿಂದಲೇ ಶುರು ಮಾಡುತ್ತೇನೆ.

100 ಕಿಲೋವ್ಯಾಟ್ ಅಂದರೆ 540 ವ್ಯಾಟ್‌ನ ಸುಮಾರು 185 ಪ್ಯಾನೆಲ್. ಒಂದೊಂದು 27-28 ಕೆಜಿ ತೂಗುತ್ತದೆ. ಪ್ಯಾನೆಲ್‌ಗಳೇ ಐದು ಟನ್ ಆದವು. ಅದರ ಮೇಲೆ ಕಂಬಿ, ಕ್ಲ್ಯಾಂಪ್, ಕೇಬಲ್, ತೊಳೆಯಲು ಹತ್ತುವ ಜನ. ಭಾರದ ಜೊತೆಗೆ ಗಾಳಿಯೂ ಇದೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಪ್ಯಾನೆಲ್ ಕೆಳಗೆ ನುಗ್ಗಿದರೆ ಶೀಟನ್ನೇ ಎತ್ತುತ್ತದೆ. ಈ ವಾರವೇ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ರಿಂದ ಆ ಗಿರಣಿಯ ಟ್ರಸ್ (ಛಾವಣಿ ಹೊರುವ ಚೌಕಟ್ಟು), ಪರ್ಲಿನ್ (ಶೀಟ್ ಕೂರುವ ಅಡ್ಡಪಟ್ಟಿ) ಎಲ್ಲ ತಪಾಸಣೆ ಮಾಡಿಸಿ. ವರದಿ ಬಾಯಿಮಾತಲ್ಲಿ ಬೇಡ, ಸಹಿ ಹಾಕಿ ಕೊಡಲಿ. ಯುಬಿಡಿಟಿ, ಬಿಐಇಟಿಯಂಥ ಇಂಜಿನಿಯರಿಂಗ್ ಕಾಲೇಜುಗಳಿರುವ ಊರು ನಮ್ಮದು, ಅಂಥವರು ಸಿಗದೇ ಇರುವುದಿಲ್ಲ. ಇದಕ್ಕೆ ಯಾರ ಒಪ್ಪಿಗೆಗೂ ಕಾಯಬೇಡಿ. ಮಾಲೀಕರು ಬೇಡ ಅಂದರೆ, ಬೇಡ ಅಂದಿದ್ದನ್ನೂ ಬರಹದಲ್ಲಿ ಕೊಡಿ ಅಂತ ಕೇಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1981ರ ಜುಲೈ 17ರ ಸಂಜೆ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್‌ನಲ್ಲಿ ನೃತ್ಯ ನಡೆಯುತ್ತಿತ್ತು. ಹಾಲ್‌ನ ಮೇಲಿನ ತೂಗು ನಡೆದಾರಿಗಳಲ್ಲಿ ಎರಡು, ಒಂದರ ಕೆಳಗೆ ಒಂದು ಇದ್ದವು. ಅವೆರಡೂ ಕುಸಿದವು. 114 ಜನ ಸತ್ತರು. ಮೊದಲ ನಕ್ಷೆಯಲ್ಲಿ ಛಾವಣಿಯಿಂದ ಇಳಿದ ಒಂದೇ ಉದ್ದನೆಯ ಕಬ್ಬಿಣದ ಸರಳು ಎರಡೂ ದಾರಿಗಳನ್ನು ಹಿಡಿದಿತ್ತು. ಅಷ್ಟು ಉದ್ದದ ಸರಳಿಗೆ ನಟ್ ಕೂರುವ ತಿರುಪಿನ ಎಳೆ ಕೊರೆಯುವುದು ಕಷ್ಟ ಅಂತ ಕಬ್ಬಿಣದ ಕೆಲಸದವರು ಅದನ್ನು ಎರಡು ತುಂಡು ಮಾಡಿದರು. ಮೇಲಿನ ದಾರಿ ಛಾವಣಿಗೆ ತೂಗುತ್ತದೆ, ಕೆಳಗಿನ ದಾರಿ ಮೇಲಿನ ದಾರಿಗೆ ತೂಗುತ್ತದೆ. ನೋಡಲು ಸಣ್ಣ ಬದಲಾವಣೆ. ಆದರೆ ಮೇಲಿನ ತೊಲೆಯ ನಟ್ ಮೇಲೆ ಬೀಳುವ ಭಾರ ಎರಡರಷ್ಟಾಯಿತು. ಈ ಲೆಕ್ಕ ಹಾಕಿದ್ದು ಯಾರು? ಇಂಜಿನಿಯರ್ ಕಡೆಯವರು, ಜೋಡಣೆಯ ಲೆಕ್ಕ ಕಬ್ಬಿಣದವರದು ಅಂದುಕೊಂಡಿದ್ದರು. ಕಬ್ಬಿಣದವರು, ಇಂಜಿನಿಯರ್ ನಕ್ಷೆ ಪಾಸ್ ಮಾಡಿದ್ದಾರೆ ಅಂದರೆ ಲೆಕ್ಕ ಹಾಕಿದ್ದಾರೆ ಅಂದುಕೊಂಡರು. ಯಾರೂ ಹಾಕಿರಲಿಲ್ಲ. ತನಿಖೆ ನಡೆದು ಇಂಜಿನಿಯರ್‌ಗಳು ಆ ರಾಜ್ಯದಲ್ಲಿ ಲೈಸೆನ್ಸ್ ಕಳೆದುಕೊಂಡರು.

ಅಲ್ಲಿ ಎಲ್ಲರಿಗೂ ಹುದ್ದೆ ಇತ್ತು, ಎಲ್ಲರಿಗೂ ತಮ್ಮ ಕೆಲಸ ಗೊತ್ತಿತ್ತು. ಕೆಲಸ ಬಿದ್ದಿದ್ದು ಇಬ್ಬರ ನಡುವಿನ ಜಾಗದಲ್ಲಿ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಬೆಸ್ಕಾಂ ಅರ್ಜಿ ಮಾರಾಟದವರಿಗೂ ವಿನ್ಯಾಸದವರಿಗೂ ನಡುವೆ ಬಿತ್ತು. ಪ್ಯಾನೆಲ್ ಎಣಿಸುವುದು ಖರೀದಿಗೂ ಸೈಟಿಗೂ ನಡುವೆ. ಛಾವಣಿಯ ಲೆಕ್ಕ ಮೂವರ ನಡುವೆ. ನಿಮ್ಮಲ್ಲಿ ಯಾರೂ ಸೋಮಾರಿಗಳಲ್ಲ. ನೀವು ಮಾಡಿದ ಚಾರ್ಟ್ ಸೋತಿದ್ದೂ ಇದಕ್ಕೇ ಅನಿಸುತ್ತದೆ. ಅದರಲ್ಲಿ ಖರೀದಿ ಇವರದು, ಸೈಟ್ ಅವರದು, ದಾಖಲೆ ಇನ್ನೊಬ್ಬರದು ಅಂತ ಇರಬೇಕು. ಅದು ಎಲ್ಲರಿಗೂ ಮೊದಲೇ ಗೊತ್ತು. ಗೊತ್ತಿಲ್ಲದಿದ್ದದ್ದು ಗಡಿ ಎಲ್ಲಿ ಅಂತ.

ನಾಲ್ಕು ಜನ ಇದ್ದಾಗ ಇದೆಲ್ಲ ಯಾಕೆ ಕಾಣಲಿಲ್ಲ ಅಂದರೆ, ನಾಲ್ಕು ಜನರ ನಡುವೆ ಇರುವ ಜೋಡಿಗಳು ಆರು. ಒಂದೇ ಆಟೋದಲ್ಲಿ ಕೂತು ಹೋಗುವಾಗ ಎಲ್ಲ ಮಾತೂ ಮುಗಿಯುತ್ತದೆ. ಹನ್ನೊಂದು ಜನರ ನಡುವೆ ಜೋಡಿಗಳು 55. ಜನ ಮೂರು ಪಟ್ಟೂ ಆಗಲಿಲ್ಲ, ಮಾತು ತಪ್ಪಬಹುದಾದ ಜಾಗ ಒಂಬತ್ತು ಪಟ್ಟಾಯಿತು. ನಿಮ್ಮ ತಂಡ ಕೆಟ್ಟಿಲ್ಲ, ಬೆಳೆದಿದೆ. ಮೊದಲಿನ ಅಭ್ಯಾಸ ಮಾತ್ರ ಹಾಗೇ ಉಳಿದಿದೆ.

ಎರಡನೇ ಕಾರಣ ನಮ್ಮ ಮಾತಿನಲ್ಲೇ ಇದೆ. ನಾನು ಇದನ್ನು ಬಹಳ ವರ್ಷದಿಂದ ಗಮನಿಸಿದ್ದೇನೆ. ನಮ್ಮ ಮೀಟಿಂಗ್‌ಗಳಲ್ಲಿ ಕ್ರಿಯಾಪದ ಇರುತ್ತದೆ, ಕರ್ತೃ ಇರುವುದಿಲ್ಲ. ‘ಅರ್ಜಿ ಹಾಕ್ಬೇಕು.’ ‘ಸೋಮವಾರ ಮಾಡೋಣ.’ ‘ಅದೇನ್ ಬಿಡಿ, ಆಗುತ್ತೆ.’ ‘ನೋಡ್ಕೊಳ್ಳೋಣ.’ ಕನ್ನಡದಲ್ಲಿ ಇವೆಲ್ಲ ಪೂರ್ತಿ ವಾಕ್ಯಗಳು, ಕೇಳಲು ಹಿತ, ಯಾರನ್ನೂ ನೋಯಿಸುವುದಿಲ್ಲ. ದೊಡ್ಡವರ ಎದುರು ‘ನೀವು ಮಾಡಿ’ ಅನ್ನಲು ಸಂಕೋಚ, ಅದಕ್ಕೆ ‘ಮಾಡೋಣ’ ಅನ್ನುತ್ತೇವೆ. ಹಬ್ಬದ ಮನೆಯಲ್ಲಿ ಇದು ಒಳ್ಳೆಯ ಗುಣ. ಆದರೆ ‘ಮಾಡೋಣ’ ಅಂತ ಮುಗಿದ ಮಾತಿಗೆ ವಾರಸುದಾರರಿಲ್ಲ. ‘ಮಾಡಿಸ್ತೀನಿ’ ಅನ್ನುವುದನ್ನೂ ಎಚ್ಚರದಿಂದ ಕೇಳಿ. ಹಾಗಂದವರು ಹೊಣೆ ಹೊತ್ತಿದ್ದಾರೆ, ಸರಿ. ಮಾಡುವವರು ಯಾರು ಅಂತ ಇನ್ನೂ ಹೇಳಿಲ್ಲ. ಅಲ್ಲೇ ಇನ್ನೊಂದು ಪ್ರಶ್ನೆ ಕೇಳಬೇಕು: ‘ಯಾರ ಕೈಲಿ, ಯಾವತ್ತು?’

ನನ್ನ ಒಂದು ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಯಂತ್ರಗಳ ಅಡಿಪಾಯದ ಕೆಲಸದಲ್ಲಿದ್ದೆ. ಅಡಿಪಾಯ ಅಂದರೆ ನೂರಾರು ಘನ ಮೀಟರ್ ಕಾಂಕ್ರೀಟ್, ಒಂದೇ ಸಲಕ್ಕೆ, ನಡುವೆ ನಿಲ್ಲಿಸುವ ಹಾಗಿಲ್ಲ. ರಾತ್ರಿಯೆಲ್ಲ ನಿಂತು ಶನಿವಾರ ಬೆಳಿಗ್ಗೆ ಮುಗಿಸಿದೆವು. ಎಲ್ಲರಿಗೂ ಸಾಕಾಗಿತ್ತು. ‘ಕ್ಯೂರಿಂಗ್ ನೋಡ್ಕೊಳ್ಳಿ’ ಅಂದೆ, ಅಂದರೆ ಕಾಂಕ್ರೀಟ್ ಒಣಗದ ಹಾಗೆ ನೀರು ಹೊಡೆಯುತ್ತಿರಿ ಅಂತ. ಎದುರಿಗೆ ಐದಾರು ಜನ ಇದ್ದರು, ಎಲ್ಲರೂ ತಲೆ ಆಡಿಸಿದರು. ಸೋಮವಾರ ಹೋಗಿ ನೋಡಿದರೆ ಕಾಂಕ್ರೀಟ್ ಒಣಗಿ ಬೆಳ್ಳಗಾಗಿತ್ತು, ಮೇಲೆ ಕೂದಲೆಳೆಯ ಬಿರುಕುಗಳು. ಏಪ್ರಿಲ್ ಬಿಸಿಲು, ಗುಡ್ಡದ ಗಾಳಿ, ಎರಡು ದಿನ ಒಂದು ಹನಿ ನೀರು ಬಿದ್ದಿರಲಿಲ್ಲ. ನೀರು ಹೊಡೆಯುವುದು ಗುತ್ತಿಗೆದಾರರ ಕೆಲಸ ಅಂತ ಸೈಟಿನವರು. ನೀರು ತರುವುದು ಸ್ಟೋರ್ಸ್‌ನವರ ಕೆಲಸ ಅಂತ ಗುತ್ತಿಗೆದಾರರು. ಟ್ಯಾಂಕರ್ ಡ್ರೈವರ್ ರಜೆಗೆ ಹೋಗಿದ್ದಾನೆ, ಯಾರೂ ಕೇಳಲೇ ಇಲ್ಲವಲ್ಲ ಅಂತ ಸ್ಟೋರ್ಸ್‌ನವರು. ಮೂವರೂ ಹೇಳಿದ್ದು ನಿಜ. ತಪ್ಪು ನನ್ನದು, ಯಾಕಂದರೆ ಐದಾರು ಜನರ ಕಡೆ ನೋಡಿ ಹೇಳಿದ ಮಾತು ಒಬ್ಬರಿಗೂ ಹೇಳಿದ ಹಾಗಾಗಲಿಲ್ಲ. ಆ ಬಿರುಕು ತುಂಬಿಸಲು, ಮತ್ತೆ ಪರೀಕ್ಷೆ ಮಾಡಿಸಲು ಮೂರು ವಾರ ಹಿಡಿಯಿತು. ಅಂದಿನಿಂದ ‘ನೋಡ್ಕೊಳ್ಳಿ’ ಅನ್ನುವಾಗ ಒಬ್ಬರ ಹೆಸರು ಸೇರಿಸದೆ ಬಾಯಿ ಮುಚ್ಚುವುದಿಲ್ಲ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. ರಿಂಗೆಲ್‌ಮನ್ ಅಂತ ಫ್ರಾನ್ಸ್‌ನ ಒಬ್ಬ ಕೃಷಿ ಇಂಜಿನಿಯರ್ 1880ರ ದಶಕದಲ್ಲಿ ಜನರಿಂದ ಹಗ್ಗ ಎಳೆಸಿ ಬಲ ಅಳೆದರು, 1913ರಲ್ಲಿ ಪ್ರಕಟಿಸಿದರು. ಒಬ್ಬನೇ ಎಳೆದಾಗಿನ ಬಲ 100 ಅಂದುಕೊಂಡರೆ, ಇಬ್ಬರು ಸೇರಿದಾಗ ತಲಾ 93. ಮೂವರಿದ್ದಾಗ 85. ಎಂಟು ಜನ ಸೇರಿದಾಗ ತಲಾ 49. ಎಲ್ಲರೂ ಒಂದೇ ಹೊತ್ತಿಗೆ ಎಳೆಯದಿರುವುದು ಒಂದು ಕಾರಣ. ‘ಉಳಿದವರು ಎಳೀತಿದ್ದಾರಲ್ಲ’ ಅನ್ನುವುದು ಇನ್ನೊಂದು ಅಂತ ಮುಂದೆ ಬಂದ ಸಂಶೋಧಕರು ತೋರಿಸಿದರು.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ದೊಡ್ಡ ತೇರು ನೋಡಿದ್ದೀರಾ? ಹಗ್ಗ ಹಿಡಿಯಲು ಸಾವಿರ ಕೈ. ಅದರಲ್ಲಿ ಯಾರು ಎಳೆದರು, ಯಾರು ಸುಮ್ನೆ ಮುಟ್ಟಿದರು ಅಂತ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಗಾಲಿಯ ಪಕ್ಕ ಮರದ ದಿಮ್ಮಿ ಹಿಡಿದು ಓಡುವವರನ್ನು ನೋಡಿ. ಅವರು ಕೆಲವೇ ಜನ. ಯಾವ ಗಾಲಿ ಯಾರದು ಅಂತ ಅವರಿಗೆ ಗೊತ್ತು. ತೇರು ತಿರುಗುವುದು, ನಿಲ್ಲುವುದು ಅವರ ಕೈಲಿ. ಅಲ್ಲಿ ‘ಯಾರಾದ್ರೂ ದಿಮ್ಮಿ ಕೊಡ್ರಪ್ಪ’ ಅಂದರೆ ಜೀವ ಹೋಗುತ್ತದೆ. ನಿಮ್ಮ ಪ್ರಾಜೆಕ್ಟ್‌ನಲ್ಲೂ ಹಗ್ಗದ ಕೆಲಸ ಇದೆ, ಗಾಲಿಯ ಕೆಲಸ ಇದೆ. ಪ್ಯಾನೆಲ್ ಮೇಲಕ್ಕೆ ಸಾಗಿಸುವುದು ಹಗ್ಗದ ಕೆಲಸ, ಎಲ್ಲರೂ ಕೈ ಹಾಕಲಿ. ಅರ್ಜಿ, ಛಾವಣಿ ಲೆಕ್ಕ, ಅರ್ಥಿಂಗ್ ಪರೀಕ್ಷೆ, ಮಾಲು ಎಣಿಕೆ ಗಾಲಿಯ ಕೆಲಸ. ಇವಕ್ಕೆ ಒಂದೊಂದೇ ಹೆಸರು ಬೇಕು.

ಇನ್ನು ಮಾಡುವ ಬಗೆ. ಹೊಸ ಚಾರ್ಟ್ ಬರೆಯಬೇಡಿ. ಮುಗಿದ ಆ ಗಿರಣಿ ಕೆಲಸವನ್ನೇ ಎದುರಿಗೆ ಇಟ್ಟುಕೊಳ್ಳಿ. ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿ. ಗೋಡೆಗೆ ದೊಡ್ಡ ಕಂದು ಕಾಗದ ಅಂಟಿಸಿ. ಮಂಡಕ್ಕಿ, ಮೆಣಸಿನಕಾಯಿ ತರಿಸಿ. ತಿನ್ನುತ್ತಾ ಮಾತಾಡಿದರೆ ನಮ್ಮ ಜನ ಮನಸ್ಸು ಬಿಚ್ಚುತ್ತಾರೆ. ಗ್ರಾಹಕರು ಮೊದಲ ಸಲ ಫೋನ್ ಮಾಡಿದ ದಿನದಿಂದ, ಮೀಟರ್ ತಿರುಗಿದ ದಿನದವರೆಗೆ ನಡೆದ ಪ್ರತಿ ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ‘ಖರೀದಿ’ ಅಂತ ಬರೆಯಬೇಡಿ. ‘ಮೂರು ಕಡೆ ದರ ಕೇಳುವುದು’, ‘ಆರ್ಡರ್ ಕೊಡುವುದು’, ‘ಲಾರಿ ಯಾವತ್ತು ಬರುತ್ತೆ ಅಂತ ಸೈಟಿಗೆ ಹೇಳುವುದು’, ‘ಗೇಟಿನಲ್ಲಿ ಎಣಿಸುವುದು’, ‘ಗಾಜು ನೋಡುವುದು’, ‘ಚಲನ್‌ಗೆ ಸಹಿ ಹಾಕುವುದು’ ಹೀಗೆ ಒಡೆದು ಬರೆಯಿರಿ. ನನ್ನ ಅಂದಾಜಿನಲ್ಲಿ ನಲವತ್ತು, ಐವತ್ತು ಚೀಟಿ ಆಗುತ್ತವೆ. ಅರ್ಧದಷ್ಟಕ್ಕೆ ಹೆಸರು ಥಟ್ಟನೆ ಬರುತ್ತದೆ. ಅವನ್ನು ಬಿಡಿ. ಎಲ್ಲಿ ಇಬ್ಬರು ಒಟ್ಟಿಗೆ ‘ನಂದು’ ಅಂದರು, ಎಲ್ಲಿ ಎಲ್ಲರೂ ಸುಮ್ಮನಾದರು, ಆ ಚೀಟಿಗಳಿಗೆ ಕೆಂಪು ಗುರುತು ಹಾಕಿ. ನಿಮ್ಮ ನಿಜವಾದ ಕೆಲಸ ಇರುವುದು ಅಲ್ಲಿ.

ಕೆಂಪು ಚೀಟಿಯ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಇದು ಆಗಲಿಲ್ಲ ಅಂದ್ರೆ ಗ್ರಾಹಕರು ಯಾರಿಗೆ ಫೋನ್ ಮಾಡಬೇಕು?’ ಬಂದ ಹೆಸರೇ ಹೊಣೆಗಾರರ ಹೆಸರು. ಅವರೇ ಕೈಯಾರೆ ಮಾಡಬೇಕು ಅಂತಿಲ್ಲ. ಮಾಡುವವರು ಬೇರೆ ಇರಬಹುದು, ಹತ್ತು ಜನ ಇರಬಹುದು. ಹೊಣೆ ಮಾತ್ರ ಒಬ್ಬರದೇ. ಮಾಡುವ ಮೊದಲು ಯಾರನ್ನು ಕೇಳಬೇಕು, ಮಾಡಿದ ಮೇಲೆ ಯಾರಿಗೆ ತಿಳಿಸಬೇಕು, ಇವೆರಡನ್ನೂ ಪಕ್ಕದಲ್ಲಿ ಬರೆಯಿರಿ. ಮ್ಯಾನೇಜ್‌ಮೆಂಟ್ ಓದಿದವರು ಈ ನಾಲ್ಕು ಕಾಲಂಗೆ ರೇಸಿ ಚಾರ್ಟ್ ಅನ್ನುತ್ತಾರೆ. ಒಳ್ಳೆಯ ಸಾಧನ. ಅದು ಕೆಡುವುದು ಎರಡು ಕಡೆ. ಹೊಣೆಯ ಕಾಲಂನಲ್ಲಿ ಎರಡು ಹೆಸರು ಬರೆದಾಗ ಮೊದಲನೆಯದು. ಬೇಜಾರಾಗಬಾರದು ಅಂತ ಎಲ್ಲರನ್ನೂ ‘ಕೇಳಬೇಕಾದವರು’ ಕಾಲಂಗೆ ಸೇರಿಸಿದಾಗ ಎರಡನೆಯದು. ಏಳು ಜನರನ್ನು ಕೇಳಿ ಕೊಡಬೇಕಾದ ಆರ್ಡರ್ ಏಳು ದಿನ ತಡವಾಗುತ್ತದೆ. ಬೇಜಾರಾಗುವವರನ್ನು ‘ತಿಳಿಸಬೇಕಾದವರು’ ಕಾಲಂಗೆ ಹಾಕಿ, ಒಂದು ಮೆಸೇಜ್ ಸಾಕು.

ಪ್ರತಿ ಹೊಣೆಗೆ ಒಬ್ಬ ಬದಲಿಯನ್ನೂ ಬರೆದಿಡಿ. ದುಗ್ಗಮ್ಮನ ಜಾತ್ರೆ ಬಂದರೆ ಊರೇ ರಜೆ ಹಾಕುತ್ತದೆ, ನನ್ನ ಟ್ಯಾಂಕರ್ ಡ್ರೈವರ್ ಹಾಗೆ.

ಕೈಬದಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವಾಗ ಕೊಟ್ಟವರೂ ಹೇಳಬೇಕು, ಪಡೆದವರೂ ಹೇಳಬೇಕು. ಬಸ್ ಮೇಲಿನಿಂದ ಅಕ್ಕಿ ಮೂಟೆ ಇಳಿಸುವವರನ್ನು ನೋಡಿ. ಮೇಲಿದ್ದವನು ‘ಹಿಡ್ಕೊಂಡ್ಯಾ?’ ಅನ್ನುತ್ತಾನೆ, ಕೆಳಗಿದ್ದವನು ‘ಹ್ಞೂಂ, ಬಿಡು’ ಅನ್ನುತ್ತಾನೆ. ಆಮೇಲೆ ಕೈ ಬಿಡುತ್ತಾನೆ. ನಿಮ್ಮ ಗ್ರೂಪ್‌ನಲ್ಲಿ ಹಾಕಿದ ಮೆಸೇಜ್‌ಗೆ ಎರಡು ನೀಲಿ ಗೆರೆ ಬಂದರೆ ಅದು ‘ಹಿಡ್ಕೊಂಡೆ’ ಅಲ್ಲ. ಹೆಬ್ಬೆರಳಿನ ಗುರುತೂ ಅಲ್ಲ. ಅರ್ಜಿಯ ವಿಷಯದಲ್ಲಿ ‘ಹಿಡ್ಕೊಂಡೆ’ ಅಂದರೆ ಬೆಸ್ಕಾಂ ಕೊಟ್ಟ ಅರ್ಜಿ ಸಂಖ್ಯೆಯ ಫೋಟೊ. ಮಾಲಿನ ವಿಷಯದಲ್ಲಿ, ಎಣಿಸಿದ ಸಂಖ್ಯೆ ಮತ್ತು ಒಡೆದದ್ದೆಷ್ಟು ಅಂತ ಚಲನ್ ಮೇಲೆ ಬರೆದ ಸಹಿ. ಲಾರಿ ಹೊರಡುವ ಮೊದಲು ಬರೆದರೆ ಮಾತ್ರ ಸಾಗಣೆಯವರನ್ನು ಕೇಳಲು ದಾರಿ ಇರುತ್ತದೆ. ವಾಚ್‌ಮನ್ ಸಹಿ ಹಾಕಿದ್ದು ಅವರ ತಪ್ಪಲ್ಲ. ಲಾರಿ ಬಂತು, ಯಾರೂ ಇರಲಿಲ್ಲ, ಪಾಪ ಅವರು ಸಹಾಯ ಮಾಡಿದರು.

ನಿಮ್ಮ ಕೆಲಸಕ್ಕೆ ಕೊನೆಯ ಒಂದು ಕೈಬದಲು ಇನ್ನೂ ಬಾಕಿ ಇದೆ, ನೀವು ಅದನ್ನು ಬರೆದಿಲ್ಲ. ಅಕ್ಕಿ ಗಿರಣಿ ಅಂದರೆ ತೌಡು, ಹೊಟ್ಟು, ಬಾಯ್ಲರ್ ಬೂದಿ. ಪ್ಯಾನೆಲ್ ಮೇಲೆ ಪದರ ಕಟ್ಟುತ್ತದೆ, ಕರೆಂಟ್ ಉತ್ಪತ್ತಿ ಇಳಿಯುತ್ತದೆ. ತೊಳೆಯುವುದು ಯಾರು? ನೀರು ಯಾರದು? ಮೇಲೆ ಹತ್ತುವವರಿಗೆ ಸೇಫ್ಟಿ ಬೆಲ್ಟ್ ಯಾರು ಕೊಡುತ್ತಾರೆ? ಗಿರಣಿಯವರು ‘ನೀವು’ ಅಂದುಕೊಂಡಿರುತ್ತಾರೆ, ನೀವು ‘ಅವರು’ ಅಂದುಕೊಂಡಿರುತ್ತೀರಿ. ಈಗಲೇ ಬರೆದು ಇಬ್ಬರೂ ಸಹಿ ಹಾಕಿ.

ಹೊಣೆ ಕೊಟ್ಟ ಮೇಲೆ ಅಧಿಕಾರವನ್ನೂ ಕೊಡಬೇಕು. ಹಿಂದೆ ನಮ್ಮ ಕೆರೆಗಳಿಗೆಲ್ಲ ನೀರುಗಂಟಿ ಇರುತ್ತಿದ್ದರು. ಯಾವ ಗದ್ದೆಗೆ ಎಷ್ಟು ನೀರು ಅಂತ ಊರು ಕೂತು ತೀರ್ಮಾನ ಮಾಡುತ್ತಿತ್ತು. ತೂಬು ಎತ್ತುವುದು, ಇಳಿಸುವುದು ಮಾತ್ರ ನೀರುಗಂಟಿಯ ಕೈಲಿ. ಎಷ್ಟೇ ದೊಡ್ಡ ಜಮೀನ್ದಾರ ಆದರೂ ತಾನೇ ಹೋಗಿ ತೂಬು ಎತ್ತುವ ಹಾಗಿರಲಿಲ್ಲ. ಎತ್ತಿದ್ದರೆ ಕೊನೆಯ ಗದ್ದೆ ಒಣಗುತ್ತಿತ್ತು. ಭದ್ರಾ ನಾಲೆಯ ಕೊನೆಯ ಭಾಗದ ನಮ್ಮ ರೈತರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಸೂಪರ್‌ವೈಸರ್‌ಗೆ ‘ಸೈಟ್ ನಿಮ್ಮದು’ ಅಂತ ಹೇಳಿ, 800 ರೂಪಾಯಿಯ ಬೋಲ್ಟ್ ತರಲು ಮಾಲೀಕರ ಫೋನ್‌ಗೆ ಕಾಯಿಸಿದರೆ, ಅವರು ನೀರುಗಂಟಿ ಅಲ್ಲ, ಬರೀ ಕಾವಲುಗಾರ. ಪ್ರತಿ ಹೆಸರಿನ ಮುಂದೆ ಎರಡು ಗೆರೆ ಬರೆಯಿರಿ. ಕೇಳದೆ ಎಷ್ಟು ಖರ್ಚು ಮಾಡಬಹುದು, ಯಾವುದನ್ನು ಕೇಳದೆ ನಿಲ್ಲಿಸಬಹುದು. ಎರಡನೆಯದು ಬಹಳ ಮುಖ್ಯ. ಛಾವಣಿ ಲೆಕ್ಕದ ಕಾಗದ ಇಲ್ಲದೆ ಪ್ಯಾನೆಲ್ ಮೇಲೆ ಹೋಗಬಾರದು ಅಂತ ನಿಲ್ಲಿಸುವ ಹಕ್ಕು ನಿಮ್ಮಲ್ಲಿ ಒಬ್ಬರಿಗೆ ಇದ್ದಿದ್ದರೆ, ಈ ಪತ್ರದ ಅರ್ಧ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಈಗ ಜನರ ವಿಷಯ. ನಿಮ್ಮ ಸೂಪರ್‌ವೈಸರ್ ಅಣ್ಣನಿಗೆ ನೀವು ಪ್ರಿಂಟ್ ಮಾಡಿದ ಚಾರ್ಟ್ ಕೊಟ್ಟು ‘ಇದು ನಿಮ್ಮ ಕೆಲಸ’ ಅಂದರೆ ಅವರಿಗೆ ನೋವಾಗುತ್ತದೆ, ನ್ಯಾಯವೂ ಅಲ್ಲ. ಅವರಿಗೆ ಛಾವಣಿ ಹತ್ತಿದ ಅನುಭವ ನಿಮ್ಮ ವಯಸ್ಸಿನಷ್ಟಿರಬಹುದು. ಮೀಟಿಂಗ್‌ಗೆ ಒಂದು ದಿನ ಮುಂಚೆ ಸೈಟಿಗೆ ಹೋಗಿ, ಟೀ ಕುಡಿಯುತ್ತಾ ಕೇಳಿ: ‘ಅಣ್ಣಾ, ಈ ಕೆಲಸದಲ್ಲಿ ಎಲ್ಲೆಲ್ಲಿ ನಿಮಗೆ ತೊಂದರೆ ಆಯ್ತು ಹೇಳ್ರಿ, ನಾನು ಬರ್ಕೋತೀನಿ.’ ಅವರು ಹೇಳಲಿ, ನೀವು ಬರೆಯಿರಿ. ಗೋಡೆಯ ಮೇಲಿನ ಮೊದಲ ಹತ್ತು ಚೀಟಿ ಅವರ ಮಾತುಗಳೇ ಆಗಿರಲಿ. ತಾವೇ ಹೇಳಿದ ಮಾತನ್ನು ಗೋಡೆಯ ಮೇಲೆ ನೋಡಿದವರು ಆ ಕಾಗದವನ್ನು ಕಾಪಾಡುತ್ತಾರೆ.

ಭಾಮೈದರ ವಿಷಯ ಸೂಕ್ಷ್ಮ. ಅದನ್ನು ಹತ್ತು ಜನರ ಎದುರು ಎತ್ತಬೇಡಿ. ಮನೆಯವರು ಕಂಪನಿಯಲ್ಲಿ ಇರುವುದು ತಪ್ಪಲ್ಲ, ನಮ್ಮ ಊರಿನ ಎಷ್ಟೋ ಅಂಗಡಿ, ಗಿರಣಿ, ಕಾರ್ಖಾನೆ ಹೀಗೇ ಬೆಳೆದಿವೆ. ಎಷ್ಟೋ ಸಲ ಅವರಿಗೂ ತಮ್ಮ ಗಡಿ ಯಾರೂ ಹೇಳಿರುವುದಿಲ್ಲ. ಭಾವ ಹೇಳಿದ್ದೆಲ್ಲ ಮಾಡುತ್ತಾ ಓಡಾಡುತ್ತಿರುತ್ತಾರೆ. ಕೆಂಪು ಚೀಟಿಗಳಲ್ಲಿ ಖರೀದಿಗೆ ಸಂಬಂಧಪಟ್ಟದ್ದನ್ನು ಬೇರೆ ತೆಗೆದು, ಮಾಲೀಕರು ಮತ್ತು ಅವರು ಇಬ್ಬರೇ ಇದ್ದಾಗ ತೋರಿಸಿ. ‘ಲಾರಿ ಬರುವ ಹಿಂದಿನ ದಿನ ಸಂಜೆಯೊಳಗೆ ಸೈಟಿಗೆ ತಿಳಿಸೋದು ಯಾರು?’ ಅಂತ ಒಂದು ಕೆಲಸದ ಬಗ್ಗೆ ಕೇಳಿ. ಅವರ ಬಗ್ಗೆ ಮಾತಾಡಬೇಡಿ, ಲಾರಿಯ ಬಗ್ಗೆ ಮಾತಾಡಿ.

ಮಾಲೀಕರಿಗೂ ಒಂದು ಚೀಟಿ ಬೇಕು. ಸಣ್ಣ ಕಂಪನಿಗಳಲ್ಲಿ ನಾನು ಕಂಡ ದೊಡ್ಡ ತೊಂದರೆ ಇದು: ಮಾಲೀಕರು ಎಲ್ಲ ಕೆಲಸಕ್ಕೂ ನಡುವೆ ಕೈ ಹಾಕುತ್ತಾರೆ, ಪ್ರೀತಿಯಿಂದಲೇ. ಒಬ್ಬರಿಗೆ ಕೊಟ್ಟ ಕೆಲಸವನ್ನು ದಾರಿಯಲ್ಲಿ ಸಿಕ್ಕ ಇನ್ನೊಬ್ಬರಿಗೂ ಹೇಳುತ್ತಾರೆ. ಇಬ್ಬರೂ ಸ್ವಲ್ಪ ಸ್ವಲ್ಪ ಮಾಡಿ, ಉಳಿದದ್ದು ಇನ್ನೊಬ್ಬರು ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ‘ಸರ್, ನೀವು ಯಾರಿಗೆ ಏನು ಹೇಳಿದ್ರೂ ಪರವಾಗಿಲ್ಲ, ಹೊಣೆಗಾರರಿಗೆ ಒಂದು ಮಾತು ಹೇಳ್ಬಿಡಿ’ ಅಂತ ಕೇಳಿಕೊಳ್ಳಿ. ಇಷ್ಟನ್ನು ಒಪ್ಪದ ಮಾಲೀಕರು ಕಡಿಮೆ.

ನಿಮ್ಮ ಹೊಣೆ ಯಾವುದು? ಕೋಆರ್ಡಿನೇಟರ್ ಅಂದರೆ ಎಲ್ಲರ ಕೆಲಸವೂ ನಿಮ್ಮದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನೀವೂ ಸ್ವಲ್ಪ ಹಾಗೇ ಅಂದುಕೊಂಡಿದ್ದೀರಿ ಅನಿಸುತ್ತದೆ. ನಿಮ್ಮ ಹೆಸರಿನ ಮುಂದೆ ಎರಡೇ ಚೀಟಿ ಇರಲಿ. ಆ ಕಾಗದ ಹಳೆಯದಾಗದ ಹಾಗೆ ನೋಡಿಕೊಳ್ಳುವುದು. ಪ್ರತಿ ಸೋಮವಾರ ಬೆಳಿಗ್ಗೆ ಹದಿನೈದು ನಿಮಿಷ ಎಲ್ಲರನ್ನೂ ನಿಲ್ಲಿಸಿ, ಆ ವಾರದ ಗಾಲಿಯ ಕೆಲಸಗಳನ್ನು ಅವರವರ ಬಾಯಲ್ಲೇ ಹೇಳಿಸುವುದು. ‘ನಾನು ಬುಧವಾರದೊಳಗೆ ಅರ್ಥಿಂಗ್ ಪರೀಕ್ಷೆ ಮಾಡ್ತೀನಿ.’ ಹೀಗೆ, ‘ನಾನು’ ಅಂತ ಶುರುವಾಗಿ ‘ಮಾಡ್ತೀನಿ’ ಅಂತ ಮುಗಿಯಬೇಕು.

ಬಾಯಿಬಿಟ್ಟು ಹೇಳುವುದರಲ್ಲಿ ಏನಿದೆ ಅನಿಸಬಹುದು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಕೋಣೆಗೆ 19 ಅಂಶಗಳ ಒಂದು ಪಟ್ಟಿ ತಂದಿತು. ಕತ್ತಿ ಇಡುವ ಮೊದಲು ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಅನ್ನುವುದು ಅದರಲ್ಲಿ ಒಂದು. ದೆಹಲಿ ಸೇರಿ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಹೆಸರು ಹೇಳಿದ್ದೊಂದರಿಂದಲೇ ಇಳಿಯಿತು ಅಂತಲ್ಲ, ಪಟ್ಟಿಯಲ್ಲಿ ಬೇರೆ ತಪಾಸಣೆಗಳೂ ಇದ್ದವು. ಆದರೆ ಒಮ್ಮೆ ತನ್ನ ಹೆಸರು ಹೇಳಿದವರು, ಏನಾದರೂ ತಪ್ಪು ಕಂಡಾಗ ಇನ್ನೊಮ್ಮೆ ಬಾಯಿ ತೆರೆಯಲು ಹಿಂಜರಿಯುವುದು ಕಡಿಮೆ. ನಿಮ್ಮ ತಂಡದ ಹೊಸ ಹುಡುಗರಿಗೆ ಇದು ಬಹಳ ಬೇಕು. ಆ ಛಾವಣಿಯ ಶೀಟ್ ಅಲ್ಲಾಡುತ್ತಿದ್ದದ್ದು ಯಾರಾದರೂ ಹುಡುಗನಿಗೆ ಕಂಡಿರಬಹುದು, ಹೇಳಲು ಧೈರ್ಯ ಬಂದಿರಲಿಕ್ಕಿಲ್ಲ.

ಒಂದು ಎಚ್ಚರಿಕೆ. ಆ ಕಾಗದವನ್ನು ಯಾವತ್ತೂ ಬೈಯಲು ಬಳಸಬೇಡಿ, ಬೇರೆಯವರು ಬಳಸಲೂ ಬಿಡಬೇಡಿ. ಮೊದಲ ಸಲ ಯಾರಾದರೂ ‘ನೋಡಿ, ಇಲ್ಲಿ ನಿಮ್ಮ ಹೆಸರಿದೆ’ ಅಂತ ಬೆರಳು ತೋರಿಸಿ ಕೂಗಾಡಿದರೆ, ಮುಂದಿನ ಪ್ರಾಜೆಕ್ಟ್‌ನಲ್ಲಿ ಯಾರೂ ಹೆಸರು ಕೊಡುವುದಿಲ್ಲ. ತಪ್ಪಿದಾಗ ಕೇಳಬೇಕಾದದ್ದು, ‘ಏನು ಅಡ್ಡ ಬಂತು?’

ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ಈಗ ಬೇಡ. ಮೊದಲು ಛಾವಣಿಯ ವರದಿ ತರಿಸಿ. ಆಮೇಲೆ ಒಂದು ಸಂಜೆ ಮಾಲೀಕರ ಹತ್ತಿರ ಕೂತು ಎರಡು ವಿಷಯ ಕೇಳಿ: ಚೀಟಿ ಬರೆಯಲು ಎರಡು ಗಂಟೆ, ಮತ್ತು ಛಾವಣಿ ಕಾಗದ, ಬೆಸ್ಕಾಂ ಅರ್ಜಿ ಇವೆರಡೂ ಇಲ್ಲದ ಕೆಲಸವನ್ನು ನಿಲ್ಲಿಸುವ ಹಕ್ಕು ಯಾರಿಗಾದರೂ ಒಬ್ಬರಿಗೆ. ಆ ಒಬ್ಬರು ನೀವೇ ಆಗಬೇಕು ಅಂತಿಲ್ಲ. ಎರಡಕ್ಕೂ ಹ್ಞೂಂ ಅಂದರೆ ಮುಂದಿನ ಕೆಲಸ ಮುಗಿಯುವ ತನಕ ಇರಿ. ಎರಡು ಗಂಟೆ ಕೊಟ್ಟು ಹಕ್ಕು ಕೊಡದಿದ್ದರೆ ಇನ್ನೊಮ್ಮೆ ಕೇಳಿ, ಕಾನ್ಸಾಸ್ ಸಿಟಿಯ ಕತೆ ಹೇಳಿ. ಛಾವಣಿ ತಪಾಸಣೆಯೇ ಬೇಡ ಅಂದರೆ, ಗಿರಣಿ ಯಜಮಾನರಿಗೆ ವಿಷಯ ಬರಹದಲ್ಲಿ ತಿಳಿಸಿ, ಆಮೇಲೆ ಬೇರೆ ಕೆಲಸ ನೋಡಿಕೊಳ್ಳಿ.